ಏಳು ನಲವತ್ತೆರಡಕ್ಕೆ ಮುಟ್ಟಿದ ಫೈಲು

ಫೈಲಿನ ಹೆಸರಿನ ಎದುರು ಸಮಯ ಬರೆದಿತ್ತು: ಕಳೆದ ಗುರುವಾರದ ತಾರೀಖು, ಬೆಳಿಗ್ಗೆ 7:42.

ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಪರದೆಯನ್ನು ಮತ್ತೊಮ್ಮೆ ನೋಡಿದಳು. ಕಪ್ಪು ಪರದೆ, ಹಸಿರು ಅಕ್ಷರ. ಓದಿದ್ದರಲ್ಲಿ ತಪ್ಪಿರಲಿಲ್ಲ. ಅದರ ಹಿಂದಿನ ದಿನ ಸಂಜೆ ಐದು ಇಪ್ಪತ್ತಾರಕ್ಕೆ ಆ ಫೈಲನ್ನು ಉಳಿಸಿ, ಕಂಪ್ಯೂಟರ್ ಆರಿಸಿ, ಅದರ ಮೇಲೆ ಬಟ್ಟೆ ಹೊದಿಸಿ ಹೊರಟವಳು ಅವಳೇ. ಗುರುವಾರ ಬಂದು ಕೂತದ್ದು ಎಂದಿನಂತೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ. ಹಾಗಾದರೆ ನಡುವೆ ಇದನ್ನು ಮುಟ್ಟಿದ ಕೈ ಯಾರದು?

ಆಗಲೇ ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ಹೊರಗಿನ ಅಂಚಿನಲ್ಲಿ ಬಿಸ್ಕತ್ತಿನ ಪುಡಿ ಬಿದ್ದಿತ್ತು. ಅವಳು ಬಿಸ್ಕತ್ತು ತಿನ್ನುವವಳಲ್ಲ.

ಅದು ಔಷಧ ಕಾರ್ಖಾನೆಯ ಎರಡನೇ ಮಹಡಿ. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುತ್ತದಲ್ಲ, ಯಾರೂ ಪೂರ್ತಿ ಓದದ ಸಣ್ಣಕ್ಷರದ ಹಾಳೆ, ಅದನ್ನು ತಯಾರಿಸುವ ವಿಭಾಗ. ಅಲ್ಲಿ ಇದ್ದವರು ಇಬ್ಬರೇ. ಟೈಪ್ ಮಾಡುವವಳು ಅವಳು. ಓದಿ ಸಹಿ ಹಾಕುವವರು ಮುಖ್ಯಸ್ಥರು. ಮುಖ್ಯಸ್ಥರ ಕೈಯಲ್ಲಿ ಊಟದ ಹೊತ್ತಿನಲ್ಲೂ ಒಂದು ಭೂತಗನ್ನಡಿ ಇರುತ್ತಿದ್ದುದರಿಂದ ಕಾರ್ಖಾನೆಯಲ್ಲೆಲ್ಲ ಅವರಿಗೆ ಅದೇ ಹೆಸರು.

ಕಂಪ್ಯೂಟರ್ ಬಂದು ಒಂದು ವರ್ಷವಾಗಿತ್ತು. ಅದರ ಕೀಲಿಮಣೆಯಲ್ಲಿ ಔಷಧದ ಹಾಳೆಗೆ ಬೇಕಾದ ಚಿಹ್ನೆಗಳೇ ಇರಲಿಲ್ಲ. ಅರ್ಧ ಚಮಚದ ½ ಇಲ್ಲ, ಉಷ್ಣತೆಯ ಪುಟ್ಟ ಸೊನ್ನೆ ಇಲ್ಲ, ಮೈಕ್ರೋಗ್ರಾಮಿನ µ ಇಲ್ಲ. ಅವುಗಳಿಗೆ ಒಂದೊಂದು ಸಂಖ್ಯೆ ಇತ್ತು. ಎಡಗೈಯಿಂದ ಆಲ್ಟ್ ಕೀಲಿ ಹಿಡಿದು, ಬಲಬದಿಯ ಅಂಕಿಗಳಲ್ಲಿ 171 ಒತ್ತಿ, ಎಡಗೈ ಬಿಡಬೇಕು. ಒತ್ತುತ್ತಿರುವಾಗ ಪರದೆಯ ಮೇಲೆ ಏನೂ ಕಾಣದು. ಬಿಟ್ಟ ಕ್ಷಣ ½ ಬಂದು ಕೂರುತ್ತದೆ. ಮೊದಲ ವಾರ ಅವಳು ಸಂಖ್ಯೆಗಳ ಚೀಟಿಯನ್ನು ಪರದೆಯ ಪಕ್ಕ ಅಂಟಿಸಿಕೊಂಡಿದ್ದಳು. ಎರಡನೇ ವಾರ ಚೀಟಿ ಕಸದ ಬುಟ್ಟಿಗೆ ಹೋಯಿತು. ಸಂಖ್ಯೆಗಳು ಬೆರಳಿಗೆ ಬಂದಿದ್ದವು.

ಹೀಗಿರುವಾಗ ಒಂದೇ ತಿಂಗಳಲ್ಲಿ, ಮುದ್ರಣಾಲಯಕ್ಕೆ ಹೋದ ಎರಡು ಹಾಳೆಯಲ್ಲಿ ಎರಡು ತಪ್ಪು. ಮೊದಲನೆಯದು, ‘25°ಗಿಂತ ಕಡಿಮೆ’ ಎಂದಿರಬೇಕಾದಲ್ಲಿ ‘25x’. ಎರಡನೆಯದು ಮಕ್ಕಳ ಜ್ವರದ ಸಿರಪ್ಪಿನದು. ‘½ ಚಮಚ’ ಇರಬೇಕಾದಲ್ಲಿ ಬರೀ ಒಂದು ಕೂಡಿಸುವ ಚಿಹ್ನೆ. ಎರಡನ್ನೂ ಮುದ್ರಣಾಲಯದವರು ಕಂಡುಹಿಡಿದು ಫೋನ್ ಮಾಡಿದ್ದರು. ಮಾಡದಿದ್ದರೆ ಯಾವ ತಾಯಿ ಯಾವ ಮಗುವಿಗೆ ಎಷ್ಟು ಚಮಚ ಕುಡಿಸುತ್ತಿದ್ದಳೋ.

ವಿಚಿತ್ರವೆಂದರೆ, ಭೂತಗನ್ನಡಿ ಓದಿದ ಪ್ರೂಫಿನಲ್ಲಿ ಎರಡೂ ಸರಿ ಇದ್ದವು. ಪ್ರೂಫು ಬರುತ್ತಿದ್ದದ್ದು ಅವಳ ಮೇಜಿನ ಪ್ರಿಂಟರ್‌ನಿಂದ. ಅವರು ಓದಿ ಸಹಿ ಹಾಕಿದ ಮೇಲೆ ಅವಳು ಅದೇ ಫೈಲನ್ನು ಫ್ಲಾಪಿಗೆ ಹಾಕಿ ಕೊಡುತ್ತಿದ್ದಳು. ಮರುದಿನ ಅವರು ತಮ್ಮ ಕೋಣೆಗೆ ಆ ತಿಂಗಳು ಬಂದ ಹೊಸ ಪ್ರಿಂಟರ್‌ನಲ್ಲಿ ಅಚ್ಚುಕಟ್ಟಾದ ಪ್ರತಿ ತೆಗೆದು, ಲಕೋಟೆಗೆ ಹಾಕಿ, ಮುದ್ರಣಾಲಯಕ್ಕೆ ಕಳಿಸುತ್ತಿದ್ದರು. ಆ ಪ್ರತಿಯನ್ನು ಅವರು ಓದುತ್ತಿರಲಿಲ್ಲ. ಒಮ್ಮೆ ಓದಿ ಸಹಿ ಹಾಕಿದ್ದನ್ನು ಮತ್ತೆ ಓದುವುದು ಅವರ ದೃಷ್ಟಿಯಲ್ಲಿ ತಮಗೆ ತಾವೇ ಮಾಡಿಕೊಳ್ಳುವ ಅವಮಾನ.

“ನಾನು ಓದಿದಾಗ ಸರಿ ಇತ್ತು,” ಎಂದಿದ್ದರು ಅವರು, ಮಸೂರದ ಮೂಲಕ ಅವಳ ಮುಖವನ್ನೇ ಪ್ರೂಫು ನೋಡುವವರ ಹಾಗೆ. “ಈಗ ನಿನ್ನ ಸ್ಕ್ರೀನ್ ಮೇಲೂ ಸರಿ ಇದೆ. ನಡುವೆ ಮಾತ್ರ ತಪ್ಪು. ಹಾಗಂದ್ರೆ ಏನಮ್ಮಾ ಅರ್ಥ? ಏನೋ ಒತ್ತಿ ಕೆಡಿಸಿದೀಯ, ಗೊತ್ತಾದ ಮೇಲೆ ಸದ್ದಿಲ್ಲದೆ ಸರಿ ಮಾಡಿಟ್ಟಿದೀಯ.”

“ಇಲ್ಲ ಸರ್.”

“ಹಾಗಾದ್ರೆ ದೆವ್ವ ಬಂದು ಮಾಡ್ತಾ?”

ಅವರ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಎರಡು ಕೆಂಪು ಗೆರೆ ಬಿದ್ದಿದ್ದವು. ಮೂರನೆಯದು ಬಿದ್ದರೆ ಮತ್ತೆ ಕೆಳಗೆ, ಪ್ಯಾಕಿಂಗ್ ವಿಭಾಗಕ್ಕೆ. ನಾಲ್ಕು ವರ್ಷ ಅವಳು ಅಲ್ಲಿ ಬೆಲ್ಟಿನ ಪಕ್ಕ ನಿಂತು ಡಬ್ಬಿ ಮುಚ್ಚಿದ್ದಳು. ಸಂಜೆ ಟೈಪಿಂಗ್ ಕಲಿತು, ಪರೀಕ್ಷೆ ಕಟ್ಟಿ, ಈ ಕುರ್ಚಿಗೆ ಬಂದಿದ್ದಳು. ಕೂತು ಕೆಲಸ ಮಾಡಿದ ಮೊದಲ ದಿನ ಕಾಲುಗಳನ್ನು ಎಲ್ಲಿಡಬೇಕೆಂದೇ ತಿಳಿದಿರಲಿಲ್ಲ.

ಈಗ ಪರದೆಯಲ್ಲಿರುವುದು ಅದೇ ಸಿರಪ್ಪಿನ ಫೈಲು. 7:42 ಎಂದರೆ, ಲಕೋಟೆ ಮುದ್ರಣಾಲಯಕ್ಕೆ ಹೋದ ದಿನದ ಬೆಳಿಗ್ಗೆ.

ದೆವ್ವಕ್ಕೆ ಗಡಿಯಾರವಿರುತ್ತದೆಯೇ?

*

ಗೇಟಿನ ಕಾವಲುಗಾರರನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಊಟದ ಹೊತ್ತಿಗೆ ಅವಳು ಅವರ ಹತ್ತಿರ ಹೋಗಿ, ಕಳೆದುಹೋದ ಕೊಡೆಯೊಂದರ ಕಥೆ ಕಟ್ಟಿ, ಹಾಜರಿ ಪುಸ್ತಕ ತಿರುವಿ ಹಾಕಿದಳು.

“ಕೊಡೆ ಈ ಪುಸ್ತಕದೊಳಗೆ ಇರುತ್ತೇನವ್ವಾ?” ಎಂದರು ತಾತ.

“ಬೆಳಿಗ್ಗೆ ಮೊದಲು ಯಾರು ಬರ್ತಾರೋ ಅವರನ್ನ ಕೇಳೋಣ ಅಂತ.”

“ಮೊದಲು ಬರೋನು ಮೆಕ್ಯಾನಿಕ್. ಏಳೂವರೆಗೆಲ್ಲ ಹಾಜರು. ಮೂರು ವಾರದಿಂದ ಹಾಗೇ. ಮನೇಲಿ ಗಡಿಯಾರ ಕೆಟ್ಟಿರಬೇಕು.”

ಮೆಕ್ಯಾನಿಕ್ ಎಂದರೆ ಕಂಪ್ಯೂಟರ್ ಮಾರಿದ ಕಂಪನಿಯವರು ಕಾರ್ಖಾನೆಗೆ ಕಳಿಸಿದ್ದ ಹುಡುಗ. ಮೂವತ್ತು ತುಂಬಿರಲಿಲ್ಲ. ಕೆಳಗೆ ಉಗ್ರಾಣದ ಪಕ್ಕದಲ್ಲಿ ಅವನಿಗೊಂದು ಕೋಣೆ. ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಸ್ಕ್ರೂಡ್ರೈವರ್, ಮೈಗೆ ಬೆಸುಗೆಯ ಹೊಗೆಯ ವಾಸನೆ. ಅವನು ಅವಳ ಕೋಣೆಗೆ ಬಂದಾಗಲೆಲ್ಲ ಅವಳ ಬಲಗೈಯನ್ನೇ ನೋಡುತ್ತಾನೆಂದು ಅವಳಿಗೆ ಮುಂಚಿನಿಂದ ಗೊತ್ತಿತ್ತು. ಅವಳು ಅಂಕಿಗಳನ್ನು ನೋಡದೆ ಒತ್ತುವಾಗ ಅವನ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಎಣಿಸುವವನ ಹಾಗೆ. ಅದನ್ನು ಅವಳು ಇಷ್ಟು ದಿನ ಬೇರೆ ಲೆಕ್ಕಕ್ಕೆ ಹಾಕಿಕೊಂಡಿದ್ದಳು. ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚಿಗೆ ನಿಲ್ಲುವಷ್ಟು.

ಈಗ ಆ ಎರಡು ನಿಮಿಷ ನೆನೆದರೆ ಮೈ ಉರಿಯಿತು.

ಮಧ್ಯಾಹ್ನ ಅವನು ಪ್ರಿಂಟರ್ ರಿಬ್ಬನ್ ಬದಲಿಸಲು ಬಂದ. ಅವಳು ಟೈಪ್ ಮಾಡುತ್ತಲೇ, ಮುಖ ತಿರುಗಿಸದೆ ಕೇಳಿದಳು:

“ಬೆಳಿಗ್ಗೆ ಎಷ್ಟು ಗಂಟೆಗೆ ಬರ್ತೀರಿ ನೀವು?”

ರಿಬ್ಬನ್ ಹಿಡಿದಿದ್ದ ಅವನ ಕೈ ಒಂದು ಕ್ಷಣ ತಡೆಯಿತು. “ಎಲ್ಲರ ಹಾಗೆ, ಮೇಡಂ. ಒಂಬತ್ತಕ್ಕೆ.”

“ಓಹೋ.”

“ಯಾಕೆ?”

“ಸುಮ್ನೆ ಕೇಳ್ದೆ.”

ಅವನು ಅವಳನ್ನು ನೋಡಿದ. ಅವಳು ಪರದೆಯನ್ನು ನೋಡಿದಳು. ಪರದೆಯ ಕಪ್ಪು ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಸುಳ್ಳು ಹೇಳಿದವನ ಮುಖ ಹೀಗೆ ಸಂಕಟಪಡಬೇಕಾಗಿರಲಿಲ್ಲ. ಅದೂ ಒಂದು ನಾಟಕವಿರಬಹುದು ಎಂದುಕೊಂಡಳು.

*

“ಇವತ್ತು ಏಳು ಮೂವತ್ತೊಂಬತ್ತು,” ಎಂದಳು ಅವಳು, ಬುಧವಾರ ಸಂಜೆ ಚಪ್ಪಲಿ ಬಿಡುತ್ತ. “ನಿನ್ನೆ ಏಳು ನಲವತ್ತನಾಲ್ಕು. ನನ್ನ ಹತ್ರ ಒಂಬತ್ತಕ್ಕೆ ಬರ್ತೀನಿ ಅಂತಾನೆ. ಫೈಲು ತೆರೀತಾನೆ, ಹತ್ತು ನಿಮಿಷಕ್ಕೊಂದು ಮುಗಿಸ್ತಾನೆ, ಹೋಗ್ತಾನೆ.”

ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಬಟ್ಟೆ ಮಡಚುತ್ತಿದ್ದಳು. ಭಾವ ಪತ್ರಿಕೆಯ ಹಿಂದೆ ಕಾಣೆಯಾಗಿದ್ದರು.

“ಅವನು ಇವತ್ತು ಯಾವ ಬಣ್ಣದ ಶರ್ಟು ಹಾಕಿದ್ದ?” ಅಕ್ಕ ಕೇಳಿದಳು.

“ಬೂದು. ತೋಳು ಮಡಚಿದ್ದ. ಯಾಕೆ?”

“ಏನಿಲ್ಲ ಕಣೆ. ಒಬ್ಬ ಗಂಡಸಿನ ವಿಷಯ ಮೂರು ದಿನದಿಂದ ಗಂಟೆ, ನಿಮಿಷ, ತೋಳು ಸಮೇತ ಹೇಳ್ತಿದೀಯ. ಇದಕ್ಕೆ ಅನುಮಾನ ಅಂತಾನಾ ಹೆಸರು?”

“ಅಕ್ಕಾ! ನನ್ನ ಕೆಲಸ ಹೋಗೋ ಹಾಗಿದೆ.”

ಪತ್ರಿಕೆಯ ಹಿಂದಿನಿಂದ ಭಾವ ಹೇಳಿದರು: “ಕಳ್ಳನ್ನ ಹಿಡೀಬೇಕು ಅಂದ್ರೆ ಬಾಗಿಲು ಹಾಕ್ಬೇಕು. ಬಾಗಿಲು ಹಾಕಿದೀಯ ಅಂತ ಅವನಿಗೆ ಗೊತ್ತಾಗಬಾರದು.”

ಆ ರಾತ್ರಿ ಅವಳಿಗೆ 255 ನೆನಪಾಯಿತು.

ಸಂಖ್ಯೆಗಳ ಪಟ್ಟಿಯ ಕೊನೆಯ ಅಕ್ಷರ ಅದು. ಆಲ್ಟ್ ಹಿಡಿದು 255 ಒತ್ತಿದರೆ ಏನೂ ಕಾಣುವುದಿಲ್ಲ, ಒಂದು ಅಕ್ಷರದಷ್ಟು ಖಾಲಿ ಜಾಗ ಬರುತ್ತದೆ. ಆದರೆ ಕಂಪ್ಯೂಟರಿಗೆ ಅದೂ ಅಕ್ಷರವೇ. ಮರುದಿನ ಸಂಜೆ ಅವಳು ಹೊಸದೊಂದು ಫೋಲ್ಡರ್ ಮಾಡಿ, ಅದರ ಹೆಸರಿನ ಕೊನೆಗೆ ಆ ಕಾಣದ ಅಕ್ಷರವನ್ನು ಸೇರಿಸಿ, ತನ್ನ ಫೈಲುಗಳನ್ನೆಲ್ಲ ಅದರೊಳಗೆ ಹಾಕಿದಳು. ಪಟ್ಟಿಯಲ್ಲಿ ಹೆಸರು ಚೆನ್ನಾಗಿಯೇ ಕಾಣುತ್ತಿತ್ತು. ಕಂಡಂತೆಯೇ ಟೈಪ್ ಮಾಡಿದವನಿಗೆ ಮಾತ್ರ, ಅಂಥ ಫೋಲ್ಡರೇ ಇಲ್ಲ ಎಂಬ ಉತ್ತರ ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಯಾವ ಫೈಲಿನ ಸಮಯವೂ ಬದಲಾಗಿರಲಿಲ್ಲ. ಹತ್ತು ಗಂಟೆಗೆ ಮೆಕ್ಯಾನಿಕ್ ಕಾಣಿಸಿಕೊಂಡ. ಕಣ್ಣುಗಳು ಕೆಂಪಗಿದ್ದವು.

“ನಿಮ್ಮ ಮೆಷಿನ್ ಏನಾದ್ರೂ ತೊಂದರೆ ಕೊಡ್ತಿದೆಯಾ, ಮೇಡಂ?”

“ಇಲ್ವಲ್ಲ. ಕೊಡ್ಬೇಕಿತ್ತಾ?”

“ಹಾಗಲ್ಲ...”

“ನಿಮ್ಮ ಹತ್ರ ಏನಾದ್ರೂ ದೂರು ಹೇಳ್ಕೊಳ್ತಾ ಅದು? ಬೆಳಿಗ್ಗೆ ಬೆಳಿಗ್ಗೆ?”

ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. ಪೆನ್ಸಿಲ್ ಕಿವಿಯಿಂದ ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮೇಜಿನ ಕೆಳಗೇ ಇದ್ದ.

*

ಸೋಮವಾರ ಫೋಲ್ಡರ್ ತೆರೆದಾಗ ಅವಳ ಫೈಲುಗಳು ಹಾಗೇ ಇದ್ದವು. ಅವುಗಳ ಕೊನೆಯಲ್ಲಿ ಅವಳದಲ್ಲದ ಒಂದು ಪುಟ್ಟ ಫೈಲಿತ್ತು. ಸಮಯ 7:58. ಒಳಗೆ ಎರಡು ಸಾಲು:

‘ಬೀಗ ಬಹಳ ಚೆನ್ನಾಗಿದೆ. ತೆಗೆಯಲು ಶನಿವಾರ, ಭಾನುವಾರ ಎರಡೂ ಬೇಕಾದವು.’

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆ ನಗುವೂ ಬಂತು, ಅದಕ್ಕೆ ಇನ್ನೂ ಸಿಟ್ಟು ಬಂತು. ಮೆಟ್ಟಿಲಿಳಿದು ಸೀದಾ ಉಗ್ರಾಣದ ಪಕ್ಕದ ಕೋಣೆಗೆ ಹೋದಳು.

ಅವನು ಬೆಸುಗೆ ಕಡ್ಡಿಯನ್ನು ಅದರ ಗೂಡಿಗೆ ಸಿಕ್ಕಿಸಿ ಎದ್ದು ನಿಂತ. ಕಾಯುತ್ತಿದ್ದವನ ಹಾಗೆ.

“ಯಾಕೆ ಮುಟ್ಟಿದ್ರಿ ನನ್ನ ಫೈಲು?”

“ಮುಟ್ಟಿಲ್ಲ. ನೋಡಿದೆ ಅಷ್ಟೇ.”

“ಏಳು ನಲವತ್ತೆರಡು ಅಂತ ಬರೆದಿದೆ!”

“ಅದು ನನ್ನ ದಡ್ಡತನ.” ಅವನು ತಲೆ ಕೆರೆದುಕೊಂಡ. “ಮೊದಲ ತಪ್ಪು ಸಿಕ್ಕಿತಲ್ಲ, ಆವತ್ತು ನಿಮ್ಮ ಸಾಹೇಬರು ನನ್ನನ್ನ ಕರೆದು ಹೇಳಿದ್ರು. ದಿನಾ ಬೆಳಿಗ್ಗೆ ಅವಳು ಬರೋಕೆ ಮುಂಚೆ ಅವಳ ಫೈಲು ನೋಡು, ಏನಾದ್ರೂ ಬದಲಾಗಿದ್ರೆ ನನಗೆ ಹೇಳು, ಯಾರಿಗೂ ಬಾಯಿ ಬಿಡಬೇಡ ಅಂತ.”

ಅವಳು ಗೋಡೆಗೆ ಒರಗಿದಳು. ದೆವ್ವ ಯಾರು ಎಂದು ಹುಡುಕುತ್ತಿದ್ದವಳಿಗೆ ಈಗ ಗೊತ್ತಾಯಿತು. ಅವರ ಲೆಕ್ಕದಲ್ಲಿ ದೆವ್ವ ತಾನೇ.

“ನನ್ನ ಮೇಲೆ ಕಾವಲು.”

“ಹೂಂ.”

“ಸಿಕ್ಕಿತಾ ಏನಾದ್ರೂ?”

“ಒಂದೂ ಇಲ್ಲ. ಮೂರು ವಾರದಲ್ಲಿ ಒಂದು ಚಿಹ್ನೆ ತಪ್ಪಿಲ್ಲ. ಸಿರಪ್ಪಿನ ಫೈಲಿನಲ್ಲೂ ಅರ್ಧ ಸರಿಯಾಗೇ ಇತ್ತು, ಆವತ್ತು ಬೆಳಿಗ್ಗೆ ನಾನೇ ನೋಡಿದೀನಿ. ಸಾಹೇಬರಿಗೂ ಹೇಳಿದೆ. ನೀನು ಸರಿಯಾಗಿ ನೋಡಿರಲ್ಲ ಅಂದ್ರು.”

“ಬರೀ ನೋಡಿದ್ರೆ ಸಮಯ ಯಾಕೆ ಬದಲಾಗತ್ತೆ? ಹೊರಗೆ ಬರೋವಾಗ ಏನು ಒತ್ತುತೀರಿ?”

“ಉಳಿಸು ಅಂತ.”

“ಏನೂ ತಿದ್ದದೆ ಯಾಕೆ ಉಳಿಸ್ತೀರಿ?”

ಅವನು ಕಣ್ಣರಳಿಸಿದ. “ಉಳಿಸದೆ ಹೊರಗೆ ಬರೋಕೆ ಬೇರೆ ದಾರಿ ಇದೆಯಾ?”

ಅವಳಿಗೆ ತಡೆಯಲಾಗದೆ ನಗು ಬಂದುಬಿಟ್ಟಿತು. ಕಂಪ್ಯೂಟರನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲವನಿಗೆ ಅದರಲ್ಲಿ ಒಂದು ಪುಟ ಮುಚ್ಚಲು ಬಾರದು. ನಗುತ್ತಿದ್ದವಳಿಗೆ ಮತ್ತೊಂದು ನೆನಪಾಗಿ ನಗು ನಿಂತಿತು.

ಅವಳಿಗೊಂದು ಅಭ್ಯಾಸವಿತ್ತು. ಸಾಲಿನ ಮೊದಲಿಗೆ ಎರಡು ಚುಕ್ಕಿ ಇಟ್ಟರೆ ಆ ಸಾಲು ಪರದೆಯಲ್ಲಿ ಕಾಣುತ್ತದೆ, ಕಾಗದದ ಮೇಲೆ ಅಚ್ಚಾಗುವುದಿಲ್ಲ. ಪ್ರತಿ ಫೈಲಿನ ಕೊನೆಗೆ ಅವಳು ಹಾಗೆ ಒಂದೆರಡು ಸಾಲು ಬರೆದುಕೊಳ್ಳುತ್ತಿದ್ದಳು. ಕೆಲಸದ ಟಿಪ್ಪಣಿ ಎಂದು ಶುರುವಾದದ್ದು ಹೇಗೋ ದಿನಚರಿಯಾಗಿತ್ತು.

“ಚುಕ್ಕಿ ಇಟ್ಟ ಸಾಲುಗಳು?” ಅವಳ ದನಿ ಇಳಿದಿತ್ತು.

ಅವನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

“ಕಿಟಕಿಯ ಪಾರಿವಾಳ ಕುಂಟ್ತಿದೆ ಅಂತ ಬರೆದಿದ್ರಿ,” ಎಂದ.

“ಬಿಸ್ಕತ್ತು ಹಾಕಿದ್ದು ನೀವಾ?”

“ಹೂಂ. ಮೊದಲ ಎರಡು ದಿನ ಸಾಹೇಬರಿಗೋಸ್ಕರ ಓದಿದೆ. ಆಮೇಲೆ...” ಅವನು ಮೇಜಿನ ಮೇಲಿದ್ದ ತಂತಿಯ ತುಂಡನ್ನು ಬೆರಳಿಗೆ ಸುತ್ತಿಕೊಂಡ. “ತಪ್ಪು ಅಂತ ಗೊತ್ತಿತ್ತು. ಅದಕ್ಕೇ ಬೀಗ ತೆಗೆದು, ತೆಗೆದೆ ಅಂತ ಬರೆದಿಟ್ಟು ಬಂದೆ. ನೀವು ಹಿಡೀಲಿ ಅಂತ.”

ಅವಳಿಗೆ ಬೈಯಬೇಕೆನಿಸಿತು. ಆದರೆ ಅವಳು ಕಂಡದ್ದನ್ನು ಓದಿ ಆ ಕುಂಟ ಪಾರಿವಾಳಕ್ಕೆ ತಿನ್ನಲು ಕೊಟ್ಟವನು ಜಗತ್ತಿನಲ್ಲಿ ಇವನೊಬ್ಬ. ಅದೂ ಕದ್ದು ಓದಿ.

“ಅದು ಆಮೇಲೆ ನೋಡ್ಕೊಳ್ತೀನಿ,” ಎಂದಳು. “ಈಗ ಹೇಳಿ. ಸಂಜೆ ಫೈಲು ಸರಿ ಇದೆ. ಬೆಳಿಗ್ಗೆ ನೀವು ನೋಡಿದಾಗಲೂ ಸರಿ. ನನ್ನ ಪ್ರಿಂಟರ್‌ನಲ್ಲೂ ಸರಿ. ಸಾಹೇಬರ ಪ್ರಿಂಟರ್‌ನಿಂದ ಬಂದ ಕಾಗದದಲ್ಲಿ ಮಾತ್ರ ತಪ್ಪು. ಹಾಗಾದ್ರೆ?”

ಅವನು ಬಾಯಿ ತೆರೆದವನು ಹಾಗೇ ನಿಂತ. ಮುಖದಲ್ಲಿ ಇದ್ದ ಬಣ್ಣವೆಲ್ಲ ಇಳಿಯಿತು. ಕಣ್ಣು ಅವಳಿಂದ ಸರಿದು ಗೋಡೆಯ ಮೇಲಿನ ಯಾವುದೋ ಮೂಲೆಗೆ ಹೋಯಿತು.

“ಏನು?” ಎಂದಳು.

“ಏನಿಲ್ಲ.”

“ಏನೋ ಗೊತ್ತು ನಿಮಗೆ.”

“ನಾಳೆ ನೋಡ್ತೀನಿ,” ಎಂದು ಅವನು ಬೆಸುಗೆ ಕಡ್ಡಿಯನ್ನು ಕೈಗೆತ್ತಿಕೊಂಡ. ಅದು ಆಗಲೇ ಆರಿತ್ತು. ಅವನಿಗೆ ಅದು ತಿಳಿಯಲಿಲ್ಲ, ಅವಳಿಗೆ ತಿಳಿಯಿತು.

*

ಮಂಗಳವಾರ ಹನ್ನೊಂದು ಗಂಟೆಗೆ ಹೋಗಬೇಕಿದ್ದದ್ದು ಹೃದಯದ ಮಾತ್ರೆಯ ಹಾಳೆ. ಪ್ರಮಾಣ 125 µg. ಅದೊಂದು ಚಿಹ್ನೆ ಕೆಟ್ಟರೆ ಮೂರನೇ ಗೆರೆ. ಗೆರೆಯ ಮಾತು ಹಾಗಿರಲಿ, ಆ ಹಾಳೆಯನ್ನು ನಂಬಿ ಮಾತ್ರೆ ನುಂಗುವವರ ಗತಿಯೇನು?

ಅವಳು ಎಂಟೂವರೆಗೇ ಬಂದಳು. ಉಗ್ರಾಣದ ಪಕ್ಕದ ಕೋಣೆಗೆ ಬೀಗ ಬಿದ್ದಿತ್ತು.

“ಬಂದಿದ್ದ, ಹೋದ,” ಎಂದರು ಗೇಟಿನ ತಾತ. “ಸಾಮಾನೆಲ್ಲ ಕಟ್ಕೊಂಡು. ಕಂಪನಿಯೋರು ವಾಪಸ್ ಕರೆಸ್ಕೊಂಡ್ರಂತೆ.”

ಹೋದ. ಗೊತ್ತಿದ್ದದ್ದನ್ನು ಗೊತ್ತಿಲ್ಲವೆಂದು ಹೇಳಿ ಹೋದ. ಅವಳ ಎದೆಯಲ್ಲಿ ಏನೋ ಭಾರವಾಗಿ ಕೂತಿತು. ಅದರಲ್ಲಿ ಕೆಲಸದ ಭಯ ಎಷ್ಟು, ಬೇರೆಯದೆಷ್ಟು ಎಂದು ಬಿಡಿಸಿ ನೋಡುವ ಧೈರ್ಯ ಬರಲಿಲ್ಲ.

ಹತ್ತೂಮುಕ್ಕಾಲಿಗೆ ಅವಳು ಮುಖ್ಯಸ್ಥರ ಕೋಣೆಯ ಬಾಗಿಲು ತಟ್ಟಿದಳು. ಅವರು ಹೊಸ ಪ್ರಿಂಟರ್‌ನಿಂದ ಬಂದ ಹಾಳೆಯನ್ನು ಲಕೋಟೆಗೆ ಸೇರಿಸುತ್ತಿದ್ದರು.

“ಸರ್, ಅಂಟಿಸೋ ಮುಂಚೆ ಒಂದು ಸಲ ಓದಿ.”

“ಓದಿ ಸಹಿ ಹಾಕಿದೀನಲ್ಲ.”

“ಪ್ರೂಫ್ ಓದಿದೀರಿ. ಈ ಕಾಗದ ಓದಿಲ್ಲ.”

ಭೂತಗನ್ನಡಿ ತಲೆಯೆತ್ತಿದರು. ಇಪ್ಪತ್ತು ವರ್ಷದಲ್ಲಿ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವಳು ಬಾಗಿಲಲ್ಲಿಂದ ಕದಲಲಿಲ್ಲ. ಅವರು ಹಾಳೆಯನ್ನು ಹೊರಗೆಳೆದು, ಮಸೂರ ಹಿಡಿದು, ಸಾಲು ಸಾಲಾಗಿ ಓದಿದರು. ಆಮೇಲೆ ಅದನ್ನು ಅವಳ ಕಡೆ ತಳ್ಳಿದರು.

µ ಸರಿಯಾಗಿತ್ತು. ನೆಟ್ಟಗೆ, ಬಾಲ ಇಳಿಬಿಟ್ಟುಕೊಂಡು ಕೂತಿತ್ತು.

ಒಂದೇ ಕ್ಷಣದಲ್ಲಿ ಅವಳಿಗೆ ಎಲ್ಲ ತಿಳಿದಂತಾಯಿತು. ದೋಷ ಈ ಪ್ರಿಂಟರ್‌ನಲ್ಲಿತ್ತು. ಅವನಿಗೆ ನಿನ್ನೆ ಹೊಳೆದಿತ್ತು. ಬೆಳಿಗ್ಗೆ ಬಂದು ಸದ್ದಿಲ್ಲದೆ ಸರಿಮಾಡಿ, ಗಂಟು ಕಟ್ಟಿಕೊಂಡು ಹೋಗಿದ್ದ. ಇನ್ನು ಮುಂದೆ ತಪ್ಪಾಗುವುದಿಲ್ಲ. ಹಿಂದಿನ ಎರಡು ತಪ್ಪು ಎಂದೆಂದಿಗೂ ಅವಳ ಹೆಸರಿನಲ್ಲಿ. ಇದನ್ನು ಹೇಳಿದರೂ ಈಗ ಯಾರು ನಂಬುತ್ತಾರೆ?

“ಕೂತ್ಕೋ,” ಎಂದರು ಮುಖ್ಯಸ್ಥರು.

ಅವರು ಡ್ರಾಯರ್‌ನಿಂದ ಮೂರು ಹಾಳೆ ತೆಗೆದರು. “ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆ ಬಾಗಿಲಿಗೇ ಬಂದು ಕೊಟ್ಟು ಹೋದ. ನಿನ್ನ ಕಣ್ಣಲ್ಲೇ ಓದು.”

ಮೊದಲನೆಯದು ಕಂಪನಿಯ ರಿಪೇರಿ ವರದಿಯ ಅಚ್ಚಿನ ಫಾರಂ. ಅವನ ಕೈಬರಹ ಸಣ್ಣದು, ಒಂದಕ್ಕೊಂದು ತಗಲದ್ದು.

‘ದೋಷ: ಪ್ರಿಂಟರ್‌ನ ಹಿಂಭಾಗದ ಸಣ್ಣ ಸ್ವಿಚ್ ತಪ್ಪು ಕಡೆಗಿತ್ತು. ಹಾಗಿದ್ದಾಗ ಪ್ರಿಂಟರ್ 128ಕ್ಕಿಂತ ಮೇಲಿನ ಸಂಖ್ಯೆಯಿಂದ 128 ಕಳೆದು, ಉಳಿದ ಸಂಖ್ಯೆಯ ಅಕ್ಷರವನ್ನು ಓರೆಯಾಗಿ ಒತ್ತುತ್ತದೆ. 171 ಇದ್ದದ್ದು 43 ಆಗುತ್ತದೆ, ಅಂದರೆ ಕೂಡಿಸುವ ಚಿಹ್ನೆ. 248 ಇದ್ದದ್ದು 120, ಅಂದರೆ x. ಸಾಮಾನ್ಯ ಅಕ್ಷರ, ಅಂಕಿಗಳು 128ರ ಕೆಳಗಿರುವುದರಿಂದ ಅವಕ್ಕೆ ಏನೂ ಆಗುವುದಿಲ್ಲ.

ಕಾರಣ: ಅಳವಡಿಸಿದವನು ಸಾಮಾನ್ಯ ಅಕ್ಷರಗಳನ್ನು ಮಾತ್ರ ಒತ್ತಿ ನೋಡಿದ. ಚಿಹ್ನೆಗಳನ್ನು ನೋಡಲಿಲ್ಲ.

ಅಳವಡಿಸಿದವನು: ನಾನು.

ಟೈಪ್ ಮಾಡಿದವರ ತಪ್ಪು: ಇಲ್ಲ. ಮೂರು ವಾರ ಪರಿಶೀಲಿಸಿದ್ದೇನೆ.’

ಮಿಕ್ಕ ಎರಡು ಹಾಳೆಗಳಲ್ಲಿ ಎಲ್ಲ ಚಿಹ್ನೆಗಳ ಪಟ್ಟಿ. ಒಂದು ಸ್ವಿಚ್ ಬದಲಿಸುವ ಮುಂಚಿನದು, ಇನ್ನೊಂದು ಬದಲಿಸಿದ ಮೇಲಿನದು. ಮೊದಲನೆಯದರಲ್ಲಿ ಚಿಹ್ನೆಗಳೆಲ್ಲ ಬೇರೆ ಯಾರದೋ ವೇಷ ಹಾಕಿಕೊಂಡು ಓರೆಯಾಗಿ ನಿಂತಿದ್ದವು.

“ಪೆನ್ನಿನ ತುದಿಯಿಂದ ತಳ್ಳಿ ಸುಮ್ಮನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?” ಎಂದರು ಮುಖ್ಯಸ್ಥರು. “ನಿನ್ನೆ ಸಂಜೆ ತಾನೇ ಕಂಪನಿಗೆ ಫೋನ್ ಮಾಡಿ ಒಪ್ಕೊಂಡನಂತೆ. ಹೊರಗಡೆ ಕೆಲಸಕ್ಕೆ ಇನ್ನು ಕಳಿಸಲ್ವಂತೆ ಅವನನ್ನ, ಡಿಪೋದಲ್ಲೇ ರಿಪೇರಿ.” ಅವರು ರಿಜಿಸ್ಟರ್ ತೆರೆದು, ಎರಡು ಕೆಂಪು ಗೆರೆಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು. ಆಮೇಲೆ, ಅವಳನ್ನು ನೋಡದೆ ಹೇಳಿದರು: “ನಾನೂ ಆ ಕಾಗದ ಓದಬೇಕಿತ್ತು.”

ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

*

ಅವಳು ತನ್ನ ಮೇಜಿಗೆ ಬಂದು ಕೂತಳು. ನಿನ್ನೆ ಅವನು ಗೋಡೆಯ ಮೂಲೆ ನೋಡಿದ್ದು ತಪ್ಪಿಸಿಕೊಳ್ಳುವ ದಾರಿಗಾಗಿ ಎಂದುಕೊಂಡಿದ್ದಳು. ಎಷ್ಟು ಬೇಗ ಅಂದುಕೊಂಡಳು! ತನ್ನ ಮೇಲೆ ಅನುಮಾನಪಟ್ಟ ಮುಖ್ಯಸ್ಥರಿಗೂ ತನಗೂ ಏನು ವ್ಯತ್ಯಾಸ?

ಫೈಲುಗಳ ಪಟ್ಟಿ ತೆರೆದಳು. ಕಣ್ಣು ಅಭ್ಯಾಸಬಲದಿಂದ ಸಮಯದ ಸಾಲಿಗೆ ಹೋಯಿತು. 5:26, 5:26, 5:24. ಕೊನೆಯ ಸಾಲಿನಲ್ಲಿ ಇವತ್ತಿನ ತಾರೀಖಿತ್ತು, ಸಮಯವಿತ್ತು. ಬೆಳಿಗ್ಗೆ 7:42. ಹೆಸರಿರಬೇಕಾದ ಜಾಗ ಮಾತ್ರ ಖಾಲಿ.

ಹೆಸರಿಲ್ಲದ ಫೈಲು. ಬೇರೆ ಯಾರಾದರೂ ಆಗಿದ್ದರೆ ಕಂಪ್ಯೂಟರ್ ಕೆಟ್ಟಿದೆ ಎನ್ನುತ್ತಿದ್ದರು.

ಅವಳು ಎಡಗೈಯಲ್ಲಿ ಆಲ್ಟ್ ಹಿಡಿದಳು. ಎರಡು, ಐದು, ಐದು. ಬೆರಳು ಬಿಟ್ಟಳು. ಪರದೆಯ ಮೇಲೆ ಏನೂ ಬರಲಿಲ್ಲ, ಬೆಳಕಿನ ತುಂಡೊಂದು ಒಂದು ಹೆಜ್ಜೆ ಮುಂದೆ ಸರಿಯಿತು, ಅಷ್ಟೆ. ಫೈಲು ತೆರೆಯಿತು. ಎಲ್ಲ ಸಾಲುಗಳೂ ಎರಡು ಚುಕ್ಕಿಯಿಂದ ಶುರುವಾಗಿದ್ದವು. ಕಾಗದದ ಮೇಲೆ ಅಚ್ಚಾಗದಂತೆ.

‘..ಸಾಹೇಬರಿಗೆ ಕೊಟ್ಟ ವರದಿಯಲ್ಲಿ ಒಂದು ವಿಷಯ ಬಿಟ್ಟಿದ್ದೇನೆ.

..ಮೂರನೇ ದಿನಕ್ಕೇ ನಿಮ್ಮಿಂದ ತಪ್ಪಾಗುವುದಿಲ್ಲ ಎಂದು ಖಚಿತವಾಗಿತ್ತು. ಆಮೇಲೆ ಬರುವ ಅಗತ್ಯವಿರಲಿಲ್ಲ. ಬರುತ್ತಿದ್ದೆ.

..ನಿಮ್ಮ ಕೈ ನೋಡಿದಾಗಲೆಲ್ಲ ನೀವು ಮುಖ ತಿರುಗಿಸುತ್ತಿದ್ದಿರಿ. ಈ ಸಾಲುಗಳು ತಿರುಗಿಸುತ್ತಿರಲಿಲ್ಲ. ಕದ್ದು ಓದಿದ್ದಕ್ಕೆ ಕ್ಷಮೆ ಇರಲಿ.

..ಡಿಪೋ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿದೆ. ಶನಿವಾರ ಮಧ್ಯಾಹ್ನದ ಮೇಲೆ ನಾನೊಬ್ಬನೇ ಇರುತ್ತೇನೆ. ನಾನು ಬರೆದದ್ದರ ಮೇಲೆ ಅನುಮಾನವಿದ್ದರೆ ಬಂದು ವಿಚಾರಿಸಬಹುದು.’

ಅವಳು ಮೂರು ಸಲ ಓದಿದಳು. ಮುಖ್ಯಸ್ಥರು ಬಾಗಿಲಲ್ಲಿ ಇಣುಕಿದಾಗ, ಪರದೆಯ ಮುಂದೆ ಬಗ್ಗಿ ಏನನ್ನೋ ತಿದ್ದುತ್ತಿರುವವಳ ಹಾಗೆ ಕೂತಳು.

ಶನಿವಾರ ಅವಳು ಹೊರಡುವಾಗ ಅಕ್ಕ ಕೇಳಿದಳು: “ಎಲ್ಲಿಗೆ ಸವಾರಿ?”

“ಒಂದು ಅನುಮಾನ ಇದೆ. ಬಗೆಹರಿಸ್ಕೊಂಡು ಬರ್ತೀನಿ.”

“ಅದಕ್ಕೆ ಇಷ್ಟು ಹೊತ್ತು ತಲೆ ಬಾಚಬೇಕಾ?”

ಪತ್ರಿಕೆ ಅಲ್ಲಾಡಿತು. ಹಿಂದೆ ಭಾವ ನಗುತ್ತಿದ್ದರು.

*

ಡಿಪೋದ ಮುಂಭಾಗದಲ್ಲಿ ಒಂದು ಉದ್ದನೆಯ ಕೌಂಟರ್. ಅದರ ಮೇಲೆ ದೂರಿನ ಫಾರಂಗಳ ಕಟ್ಟು, ದಾರ ಕಟ್ಟಿದ ಪೆನ್ನು. ಒಳಗಡೆ ಬಿಚ್ಚಿಟ್ಟ ಯಂತ್ರಗಳ ನಡುವೆ ಅವನು ಬಗ್ಗಿ ಕೂತಿದ್ದ. ಬೆಸುಗೆಯ ಹೊಗೆ ಅವನ ಹಣೆಯ ಮುಂದೆ ಸುತ್ತಿ ಮೇಲೇರುತ್ತಿತ್ತು. ಅವಳು ಸದ್ದು ಮಾಡದೆ ಒಂದು ಫಾರಂ ತುಂಬಿ, ಕೌಂಟರಿನ ಮೇಲಿನ ಗಂಟೆ ಒತ್ತಿದಳು.

“ಫಾರಂ ತುಂಬಿ ಅಲ್ಲಿಡಿ,” ಎಂದ ಅವನು ತಲೆಯೆತ್ತದೆ.

“ತುಂಬಿದೀನಿ.”

ದನಿ ಕೇಳಿ ಅವನು ಎದ್ದ ರಭಸಕ್ಕೆ ಸ್ಟೂಲು ಹಿಂದಕ್ಕೆ ಉರುಳಿತು. ಬಂದು ಫಾರಂ ಕೈಗೆ ತೆಗೆದುಕೊಂಡ.

‘ತೊಂದರೆ: ಬೆಳಿಗ್ಗೆ 7:42ಕ್ಕೆ ಯಾರೂ ಮುಟ್ಟುತ್ತಿಲ್ಲ.’

ಅವನು ಅದನ್ನು ಎಷ್ಟೋ ಹೊತ್ತು ಓದಿದ. ಒಂದೇ ಸಾಲಿತ್ತು. ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ. ಈ ಸಲ ಅವಳು ಮುಖ ತಿರುಗಿಸದೆ ಅದನ್ನೆಲ್ಲ ನೋಡಿದಳು.

“ಎಷ್ಟು ದಿನದಿಂದ ಈ ತೊಂದರೆ?” ಕೇಳಿದ, ಬಹಳ ಗಂಭೀರವಾಗಿ.

“ಬುಧವಾರದಿಂದ.”

“ಬೇರೆ ಏನಾದ್ರೂ?”

“ಪಾರಿವಾಳ. ನಾನು ಕಾಳು ಹಾಕಿದ್ರೆ ಮೂಸಿ ನೋಡಲ್ಲ. ಬಿಸ್ಕತ್ತೇ ಬೇಕಂತೆ. ಅಭ್ಯಾಸ ಕೆಡಿಸಿಟ್ಟಿದೀರಿ.”

“ಕಾಲು?”

“ಕುಂಟೋದು ಕಮ್ಮಿಯಾಗಿದೆ.” ಅವಳು ಕೌಂಟರಿನ ಮೇಲೆ ಕೈಯಿಟ್ಟಳು. ಬಲಗೈ. “ಇನ್ನು ಮೇಲೆ ನನ್ನ ಫೈಲು ಓದಬೇಕು ಅಂದ್ರೆ ನನ್ನ ಎದುರಿಗೆ ಓದಬೇಕು. ಕೇಳಿಸ್ತಾ?”

“ಕೇಳಿಸ್ತು.”

“ಮತ್ತೆ ಆ ಪುಟ ಮುಚ್ಚೋದು ಹೇಳಿಕೊಡ್ತೀನಿ. ಉಳಿಸದೆ ಹೊರಗೆ ಬರೋಕೆ ಬೇರೆ ಕೀಲಿ ಇದೆ.”

ಅವನು ಫಾರಮ್ಮನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಕಿವಿಯ ಪೆನ್ಸಿಲನ್ನು ತೆಗೆದು ಕೌಂಟರಿನ ಮೇಲಿಟ್ಟ. ಆಮೇಲೆ, ಯಾವುದೋ ಸೂಕ್ಷ್ಮ ಯಂತ್ರದ ಮುಚ್ಚಳ ತೆಗೆಯುವವನಷ್ಟು ಎಚ್ಚರದಿಂದ, ಅವಳ ಬೆರಳುಗಳ ಮೇಲೆ ತನ್ನ ಬೆರಳುಗಳನ್ನು ಇಟ್ಟ.

“ಅದನ್ನ ಕಲೀಲೇಬೇಕಾ?” ಎಂದ.

ಅವಳು ಕೈ ತೆಗೆಯಲಿಲ್ಲ.

“ಬೇಡ ಬಿಡಿ,” ಎಂದಳು.